ಮ್ಯಾನೇಜ್‌ಮೆಂಟ್ ಸೈನ್ಸ್ ಅಂದರೆ ಎಂಬಿಎ ಥರವೇನಾ? ಓದಿದರೆ ಯಾವ ಕೆಲಸ ಸಿಗುತ್ತದೆ? ಗಣಿತದಲ್ಲಿ ನಾನು ಸುಮಾರು, ನಡೆಯುತ್ತದಾ?

ಅಲ್ಲ. ಹೆಸರಲ್ಲಿ ಮ್ಯಾನೇಜ್‌ಮೆಂಟ್ ಇದೆ ಅಷ್ಟೆ, ಒಳಗೆ ಬಹುಪಾಲು ಗಣಿತವೇ. ಜನರನ್ನು ಹೇಗೆ ನಿಭಾಯಿಸಬೇಕು ಅಂತ ಹೇಳಿಕೊಡುತ್ತಾರೆ ಎಂದುಕೊಂಡು ನಾನೂ ಸೇರಿದ್ದೆ. ಮೊದಲ ವಾರವೇ ಬೋರ್ಡ್ ತುಂಬಾ ಎಕ್ಸ್, ವೈ!

ಇದಕ್ಕೆ ಆಪರೇಷನ್ಸ್ ರಿಸರ್ಚ್ ಅಂತಲೂ ಹೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಸರಕು ಹಡಗುಗಳು ಎಷ್ಟು ದೊಡ್ಡ ಗುಂಪಾಗಿ ಹೊರಟರೆ ನಷ್ಟ ಕಡಿಮೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅಂಥ ಕೆಲಸದಿಂದಲೇ ಈ ವಿಷಯ ಬೆಳೆಯಿತು. 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ ಕಂಡುಹಿಡಿದ ಸಿಂಪ್ಲೆಕ್ಸ್ ವಿಧಾನವನ್ನು ಈಗಲೂ ಕಲಿಸುತ್ತಾರೆ. ಇರುವಷ್ಟು ಆಳು, ಯಂತ್ರ, ಹಣದಲ್ಲಿ ಅತಿ ಹೆಚ್ಚು ಲಾಭ ಹೇಗೆ ಅನ್ನುವ ಲೆಕ್ಕ ಅದು.

ನನಗೆ ಹುಚ್ಚು ಹಿಡಿಸಿದ್ದು ಕ್ಯೂ ಲೆಕ್ಕ. ಒಂದೇ ಕೌಂಟರ್ ಇದೆ, ಒಬ್ಬರಿಗೆ ಸರಾಸರಿ 10 ನಿಮಿಷ ಬೇಕು ಅಂದುಕೊಳ್ಳಿ. ಜನ ಬರುವುದಕ್ಕೂ ಹೊತ್ತುಗೊತ್ತಿಲ್ಲ, ಒಬ್ಬೊಬ್ಬರಿಗೆ ಹಿಡಿಯುವ ಸಮಯವೂ ಏರುಪೇರು. ಕೌಂಟರ್ ಶೇ. 80ರಷ್ಟು ಹೊತ್ತು ಬಿಜಿ ಇದ್ದರೆ, ತೀರಾ ಸರಳವಾದ ಸೂತ್ರದ ಪ್ರಕಾರ, ಸರಾಸರಿ 40 ನಿಮಿಷ ಕಾಯಬೇಕು. ಶೇ. 90 ಆದರೆ 90 ನಿಮಿಷ. ಶೇ. 95 ಆದರೆ? 190 ನಿಮಿಷ, ಮೂರು ಗಂಟೆಗೂ ಜಾಸ್ತಿ! 'ಶೇ. 20ರಷ್ಟು ಹೊತ್ತು ಸುಮ್ನೆ ಕೂತಿರ್ತಾರಲ್ಲ' ಅನ್ನುವ ಮ್ಯಾನೇಜರ್‌ಗೆ ಇದನ್ನು ತೋರಿಸುವುದೇ ನಮ್ಮ ಕೆಲಸ.

ಇನ್ನು ಉದ್ಯೋಗ. 'ಮ್ಯಾನೇಜ್‌ಮೆಂಟ್ ಸೈಂಟಿಸ್ಟ್ ಬೇಕಾಗಿದ್ದಾರೆ' ಅನ್ನುವ ಜಾಹೀರಾತು ನಾನಂತೂ ನೋಡಿಲ್ಲ. ಸಪ್ಲೈ ಚೈನ್ ಪ್ಲಾನರ್, ಡೇಟಾ ಅನಲಿಸ್ಟ್, ಆಪರೇಷನ್ಸ್ ಅನಲಿಸ್ಟ್, ಕನ್ಸಲ್ಟೆಂಟ್ ಅಂತ ಹುಡುಕಿ. ವಿಮಾನ ಕಂಪನಿಗಳಲ್ಲಿ ಸಿಬ್ಬಂದಿಯ ಡ್ಯೂಟಿ ಪಟ್ಟಿ, ಟಿಕೆಟ್ ದರ ಎರಡಕ್ಕೂ ಇದೇ ವಿದ್ಯೆ ಬೇಕು. ಬ್ಯಾಂಕು, ಆಸ್ಪತ್ರೆಗಳಲ್ಲೂ ಅವಕಾಶ ಇದೆ.

ಆದರೆ ಬರೀ ಲೆಕ್ಕ ಬಂದರೆ ಸಾಲದು. ನನ್ನ ಮೊದಲ ಕೆಲಸದಲ್ಲಿ ಡೆಲಿವರಿ ವ್ಯಾನ್‌ಗಳಿಗೆ ಹೊಸ ರೂಟ್ ಹಾಕಿಕೊಟ್ಟೆ. ಓಡುವ ದೂರ ಚೆನ್ನಾಗಿಯೇ ಕಡಿಮೆಯಾಗಿತ್ತು, ಹಿಗ್ಗಿದ್ದೆ. ಡ್ರೈವರ್‌ಗಳು ಎರಡೇ ದಿನದಲ್ಲಿ ಹಳೇ ದಾರಿ ಹಿಡಿದರು. ಯಾಕೆ ಅಂತ ಕೇಳಿದರೆ ಒಬ್ಬರು ವ್ಯಾನಿನ ಬಾಗಿಲು ತೆಗೆದು ತೋರಿಸಿದರು. ಗೋಡೌನಿನವರು ಹಳೇ ರೂಟಿನ ಕ್ರಮದಲ್ಲೇ ಸರಕು ತುಂಬುತ್ತಿದ್ದರು. ನನ್ನ ರೂಟಿನಲ್ಲಿ ಮೊದಲು ಇಳಿಸಬೇಕಾದ ಪೆಟ್ಟಿಗೆ ಎಲ್ಲಕ್ಕಿಂತ ಒಳಗೆ! ಅದನ್ನು ತೆಗೆಯಲು ಅರ್ಧ ವ್ಯಾನ್ ಖಾಲಿ ಮಾಡಬೇಕು. ತುಂಬುವವರನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಇದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ ನೋಡಿ.

ಗಣಿತದಲ್ಲಿ ಸುಮಾರು ಅಂತ ಬರೆದಿದ್ದೀರಿ. ಸುಮಾರಾದರೂ ನಡೆಯುತ್ತದೆ, ದ್ವೇಷ ಇದ್ದರೆ ಕಷ್ಟ. ಸಂಭವನೀಯತೆ ಚೆನ್ನಾಗಿ ಕಲಿಯಿರಿ, ಜೊತೆಗೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ. ಸೇರುವ ಮೊದಲು ಸಿಲಬಸ್ ತೆಗೆದು ನೋಡಿ. ಲೀನಿಯರ್ ಪ್ರೋಗ್ರಾಮಿಂಗ್ (ಸಿಂಪ್ಲೆಕ್ಸ್‌ನಿಂದ ಬಿಡಿಸುವ ಥರದ ಲೆಕ್ಕ), ಸಿಮ್ಯುಲೇಷನ್ (ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು), ಸಂಖ್ಯಾಶಾಸ್ತ್ರ ಇದ್ದರೆ ನಾನು ಹೇಳಿದ ಕೋರ್ಸ್ ಅದೇ. ಬರೀ ಮಾರ್ಕೆಟಿಂಗ್, ಎಚ್‌ಆರ್ ತುಂಬಿದ್ದರೆ ಹೆಸರು ಮಾತ್ರ ಇದು, ಒಳಗಿರುವುದು ಬೇರೆ.