ವಾದ್ಯ ಸಲಹೆ: ಐವತ್ತು ದಾಟಿದ ಮೇಲೆ ಬೇಸ್ ಗಿಟಾರ್ ಎಷ್ಟು ಮೇಲಿರಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಸ್ ಗಿಟಾರ್ ನುಡಿಸುವವರದು, ಅದರಲ್ಲೂ ನಲವತ್ತೈದು ದಾಟಿದವರದು. ಒಬ್ಬರಿಗೆ ಮಣಿಕಟ್ಟು ನೋವು, ಇನ್ನೊಬ್ಬರಿಗೆ ಹೆಗಲು ನೋವು, ಮತ್ತೊಬ್ಬರಿಗೆ ಕನ್ನಡಕದ ತೊಂದರೆ. ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಸ್ಟ್ರ್ಯಾಪಿನ, ಅಂದರೆ ವಾದ್ಯವನ್ನು ಹೆಗಲಿಗೆ ತೂಗುಹಾಕುವ ಪಟ್ಟಿಯ, ಉದ್ದದ ಹತ್ತಿರ. ಬಲಗೈಯಲ್ಲಿ ಮೀಟುವವರನ್ನು ಲೆಕ್ಕದಲ್ಲಿಟ್ಟು ಉತ್ತರಿಸಿದ್ದೇವೆ. ಎಡಚರು ಅದಲುಬದಲು ಮಾಡಿಕೊಂಡು ಓದಬೇಕು.

ಕಾಲೇಜು ದಿನಗಳಿಂದ ಬೇಸನ್ನು ತೊಡೆಯ ಮಟ್ಟಕ್ಕೆ ಇಳಿಬಿಟ್ಟೇ ನುಡಿಸಿದ್ದೇನೆ. ಈಗ ವಯಸ್ಸು 53. ಆರ್ಕೆಸ್ಟ್ರಾದಲ್ಲಿ ಒಂದು ಗಂಟೆ ಆಗುತ್ತಲೇ ಎಡ ಮಣಿಕಟ್ಟು ನೋಯುತ್ತದೆ, ಹೆಬ್ಬೆರಳು ಮತ್ತು ತೋರುಬೆರಳು ಜೋಮು ಹಿಡಿಯುತ್ತವೆ. ಎಷ್ಟು ಮೇಲೆತ್ತಬೇಕು?
— ಓದುಗರು, ಮೈಸೂರು

ಇಷ್ಟೇ ಸೆಂಟಿಮೀಟರ್ ಎಂದು ಎಲ್ಲರಿಗೂ ಒಂದೇ ಅಳತೆ ಹೇಳಲು ಬರುವುದಿಲ್ಲ. ಎತ್ತರವನ್ನು ತೀರ್ಮಾನಿಸಬೇಕಾದದ್ದು ನಿಮ್ಮ ಮಣಿಕಟ್ಟು. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಎಡ ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಮಡಚಿ, ಹಾಗೇ ಮುಷ್ಟಿ ಬಿಗಿಯಿರಿ. ಬೆರಳು ಗಟ್ಟಿಯಾಗಿ ಮುಚ್ಚುವುದೇ ಇಲ್ಲ. ಈಗ ಮಣಿಕಟ್ಟನ್ನು ನೇರ ಮಾಡಿ ಬಿಗಿಯಿರಿ, ಬಲ ತಾನಾಗಿ ಬರುತ್ತದೆ. ಬೇಸ್ ತೊಡೆಯ ಮಟ್ಟಕ್ಕೆ ಇಳಿದಿದ್ದಾಗ ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಮೊದಲ ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಲೋಹಪಟ್ಟಿ) ಒತ್ತಲು ಕೈ ನೆಕ್ಕಿನ, ಅಂದರೆ ವಾದ್ಯದ ಉದ್ದನೆಯ ಕತ್ತಿನ, ಕೆಳಗಿನಿಂದ ಸುತ್ತಿ ಬರಬೇಕು; ಆಗ ಮಣಿಕಟ್ಟು ಇರುವುದು ಆ ಮೊದಲ ಭಂಗಿಯಲ್ಲೇ. ಇಲ್ಲದ ಬಲವನ್ನು ಹಿಂಡಿ ತೆಗೆಯುತ್ತಿದ್ದೀರಿ. ಮಣಿಕಟ್ಟಿನ ಕಿರಿದಾದ ಸುರಂಗದಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ ಜೊತೆಗೇ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹೋಗುವ ನರವೂ ಹಾದುಹೋಗುತ್ತದೆ. ಮಣಿಕಟ್ಟು ಮಡಚಿದಷ್ಟೂ ಆ ನರದ ಮೇಲೆ ಒತ್ತಡ. ಇಪ್ಪತ್ತರ ವಯಸ್ಸಿನಲ್ಲಿ ಒಂದು ರಾತ್ರಿಯ ನಿದ್ದೆಗೆ ಹೋಗುತ್ತಿದ್ದ ನೋವು ಈಗ ಮೂರು ದಿನ ಉಳಿಯುತ್ತದೆ, ಅಷ್ಟರಲ್ಲಿ ಮುಂದಿನ ಕಾರ್ಯಕ್ರಮ ಬಂದಿರುತ್ತದೆ.

ಅಳತೆ ಹಿಡಿಯುವುದು ಹೀಗೆ. ಕೈಯಿಲ್ಲದ ಕುರ್ಚಿಯಲ್ಲಿ, ತೊಡೆ ನೆಲಕ್ಕೆ ಸಮನಾಗಿರುವಂತೆ ಕುಳಿತು ಬೇಸನ್ನು ಬಲತೊಡೆಯ ಮೇಲಿಡಿ. ಸ್ಟ್ರ್ಯಾಪ್ ಹೆಗಲ ಮೇಲೇ ಇರಲಿ. ಹೆಡ್‌ಸ್ಟಾಕನ್ನು, ಅಂದರೆ ನೆಕ್ಕಿನ ತುದಿಯ ತಲೆಭಾಗವನ್ನು, ಎಡಹೆಗಲಿನ ಮಟ್ಟಕ್ಕೆ ಏರಿಸಿ. ಈಗ ಸ್ಟ್ರ್ಯಾಪಿನ ಸಡಿಲು ಹೋಗುವವರೆಗೆ ಬಕಲ್ ಎಳೆಯಿರಿ. ಎದ್ದು ನಿಂತಾಗ ವಾದ್ಯ ಎರಡು ಮೂರು ಸೆಂಟಿಮೀಟರ್ ಇಳಿದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚು ಇಳಿಯಬಾರದು. ಮೊಬೈಲನ್ನು ಎಡಪಕ್ಕದಲ್ಲಿಟ್ಟು ವಿಡಿಯೋ ಮಾಡಿಕೊಂಡು, ಇ ತಂತಿಯ ಮೊದಲ ಫ್ರೆಟ್‌ನಲ್ಲೂ ಹನ್ನೆರಡನೆಯದರಲ್ಲೂ ನುಡಿಸಿ. ಮುಂಗೈ ಮತ್ತು ಹಸ್ತದ ಬೆನ್ನು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಕಂಡರೆ ನಿಮ್ಮ ಎತ್ತರ ಸಿಕ್ಕಿತು. ಹೆಚ್ಚಿನವರಿಗೆ ಇದು ವಾದ್ಯದ ನಡುಭಾಗ ಹೊಕ್ಕುಳಿನ ಆಸುಪಾಸಿನಲ್ಲಿ ಅಥವಾ ಸ್ವಲ್ಪ ಮೇಲೆ ಬಂದಾಗ ಸಿಗುತ್ತದೆ. ದರ್ಜಿಯ ಟೇಪು ಹಿಡಿದು ಸ್ಟ್ರ್ಯಾಪಿನ ಒಂದು ತೂತಿನಿಂದ ಇನ್ನೊಂದಕ್ಕೆ ಎಷ್ಟು ಉದ್ದ ಎಂದು ಬರೆದಿಟ್ಟುಕೊಳ್ಳಿ. ಬಕಲ್ ಜಾರಿದರೆ ವೇದಿಕೆಯ ಗಡಿಬಿಡಿಯಲ್ಲಿ ಅಂದಾಜು ಕೆಲಸಕ್ಕೆ ಬರುವುದಿಲ್ಲ.

ಆದರೆ ತೊಡೆಯಿಂದ ಹೊಕ್ಕುಳಿಗೆ ಒಂದೇ ದಿನದಲ್ಲಿ ಜಿಗಿಯಬೇಡಿ. ಮೂವತ್ತು ವರ್ಷದ ಕೈ ಅಭ್ಯಾಸ ಅದು. ಬೆರಳು ತಂತಿ ತಪ್ಪುತ್ತದೆ, ಬೇಸರಗೊಂಡು ಮತ್ತೆ ಇಳಿಸಿಬಿಡುತ್ತೀರಿ. ವಾರಕ್ಕೆ ಎರಡು ಸೆಂಟಿಮೀಟರಿನಂತೆ ಏರಿಸಿ, ಪ್ರತಿ ಹಂತದಲ್ಲೂ ದಿನಕ್ಕೆ ಹದಿನೈದು ನಿಮಿಷವಾದರೂ ನಿಂತೇ ನುಡಿಸಿ. ಇನ್ನೊಂದು ಮಾತು: ರಾತ್ರಿ ನಿದ್ದೆಯಲ್ಲಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಅಥವಾ ಕೈಯಿಂದ ಲೋಟ ಜಾರುತ್ತಿದ್ದರೆ ಸ್ಟ್ರ್ಯಾಪ್ ಸರಿಮಾಡುತ್ತಾ ಕೂರಬೇಡಿ, ಮೂಳೆ ಅಥವಾ ನರರೋಗ ತಜ್ಞರಿಗೆ ತೋರಿಸಿ. ತಡಮಾಡಿದರೆ ಹೆಬ್ಬೆರಳ ಬುಡದ ಮಾಂಸಖಂಡ ಸೊರಗಬಹುದು.

ಚರ್ಚಿನ ಗಾಯನ ತಂಡದಲ್ಲಿ ಬೇಸ್ ನುಡಿಸುತ್ತೇನೆ. ಎಡಗೈ ನೋವಿಗೆಂದು ವಾದ್ಯವನ್ನು ಎದೆಯವರೆಗೆ ಏರಿಸಿದೆ. ಎಡಗೈ ಸುಧಾರಿಸಿತು, ಈಗ ಬಲ ಮಣಿಕಟ್ಟು ಮತ್ತು ಬಲಹೆಗಲು ನೋಯುತ್ತಿವೆ. ಎಲ್ಲಿ ತಪ್ಪಿದೆ?
— ಓದುಗರು, ಮಂಗಳೂರು

ತಪ್ಪಿದ್ದು ಏರಿಸಿದ್ದರಲ್ಲಿ ಅಲ್ಲ, ಮಿತಿ ಮೀರಿ ಏರಿಸಿದ್ದರಲ್ಲಿ. ಇದನ್ನು ಬೇಸ್ ಕಲಿಸುವವರೇ ಎಷ್ಟೋ ಸಲ ಹೇಳುವುದಿಲ್ಲ: ಎರಡು ಕೈಗಳಿಗೆ ಬೇಕಾದ ಎತ್ತರ ಒಂದೇ ಅಲ್ಲ. ಕೆಳಗಿದ್ದರೆ ಬಲತೋಳು ನೇರ ಇಳಿಯುತ್ತದೆ, ಬಲ ಮಣಿಕಟ್ಟಿಗೆ ಸುಖ, ಎಡದ್ದಕ್ಕೆ ಕಷ್ಟ. ಮೇಲಿದ್ದರೆ ಮುಂಗೈ ವಾದ್ಯದ ಅಂಚಿನ ಮೇಲೆ ಕೂತು, ಅಲ್ಲಿಂದ ಬೆರಳು ತಂತಿಗೆ ಇಳಿಯಲು ಬಲ ಮಣಿಕಟ್ಟು ಕೊಕ್ಕೆಯಂತೆ ಬಾಗುತ್ತದೆ, ಹೆಗಲು ಕಿವಿಯ ಕಡೆಗೆ ಏರುತ್ತದೆ.

ಬಿಡಿಸಿಕೊಳ್ಳುವ ದಾರಿ ಎತ್ತರದಲ್ಲಿಲ್ಲ, ನೆಕ್ಕಿನ ಓರೆಯಲ್ಲಿದೆ. ಐದಾರು ಸೆಂಟಿಮೀಟರ್ ಇಳಿಸಿ, ನೆಕ್ಕನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯದೆ 35ರಿಂದ 45 ಡಿಗ್ರಿಯಷ್ಟು ಮೇಲಕ್ಕೆತ್ತಿ. ಹೆಡ್‌ಸ್ಟಾಕನ್ನು ಮೈಯಿಂದ ತುಸು ಮುಂದಕ್ಕೂ ತಳ್ಳಿ. ಆಗ ಎಡಗೈಗೆ ಮೊದಲ ಫ್ರೆಟ್ ಹತ್ತಿರವಾಗುತ್ತದೆ, ಬಲಗೈ ಇರುವ ತುದಿ ತಾನಾಗಿ ಕೆಳಗಿಳಿಯುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದಲ್ಲಿದ್ದ ಬಿಲ್ ವೈಮನ್ ಬೇಸನ್ನು ಬಹುತೇಕ ಕಂಬದಂತೆ ನೆಟ್ಟಗೆ ಹಿಡಿದು ನುಡಿಸುತ್ತಿದ್ದುದನ್ನು ಹಳೆಯ ವಿಡಿಯೋಗಳಲ್ಲಿ ಗಮನಿಸಿ. ಅಷ್ಟು ಬೇಕಾಗಿಲ್ಲ, ಆದರೆ ಓರೆ ಏನು ಮಾಡಬಲ್ಲದು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಜೊತೆಗೆ ಮುಂಗೈಯ ಪೂರ್ತಿ ಭಾರವನ್ನು ವಾದ್ಯದ ಅಂಚಿಗೆ ಹೇರುವುದನ್ನು ಬಿಡಿ. ಮೊಣಕೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಹೆಬ್ಬೆರಳನ್ನು ಯಾವಾಗಲೂ ಪಿಕಪ್ (ತಂತಿಯ ಕೆಳಗಿರುವ, ಕಂಪನ ಹಿಡಿಯುವ ಭಾಗ) ಮೇಲೇ ಊರದೆ, ಜಿ ತಂತಿ ನುಡಿಸುವಾಗ ಇ ಅಥವಾ ಎ ತಂತಿಯ ಮೇಲೆ ಒರಗಿಸಿ. ಅಷ್ಟರಿಂದಲೇ ಮಣಿಕಟ್ಟಿನ ಕೊಕ್ಕೆ ಅರ್ಧ ಕರಗುತ್ತದೆ. ಹೆಬ್ಬೆರಳಿನಿಂದ ಬಡಿದು ನುಡಿಸುವ ಸ್ಲ್ಯಾಪ್ ಶೈಲಿಯವರಿಗೆ ಮಾತ್ರ ಎತ್ತರ ಒಗ್ಗುತ್ತದೆ, ಅಲ್ಲಿ ಮುಂಗೈ ತಂತಿಗಳಿಗೆ ಹೆಚ್ಚುಕಡಿಮೆ ಸಮನಾಗಿ ತಿರುಗಬೇಕು. ಲೆವೆಲ್ 42 ತಂಡದ ಮಾರ್ಕ್ ಕಿಂಗ್ ಎದೆಯ ಹತ್ತಿರ ಕಟ್ಟಿಕೊಳ್ಳುವುದು ಅದಕ್ಕೇ ಹೊಂದುತ್ತದೆ.

ಮೇಲೆ ಕಟ್ಟಿದ ಮೇಲೆ ನೆಕ್ ಕೆಳಕ್ಕೆ ವಾಲುತ್ತದೆ. ಎಡಗೈಯಲ್ಲಿ ಎತ್ತಿಹಿಡಿದುಕೊಂಡೇ ನುಡಿಸಬೇಕು. ಹೆಗಲೂ ಉರಿಯುತ್ತದೆ.
— ಓದುಗರು, ಹುಬ್ಬಳ್ಳಿ

ನಿಂತು, ನೆಕ್ಕನ್ನು 35 ಡಿಗ್ರಿಗೆ ಏರಿಸಿ, ಎರಡೂ ಕೈ ಬಿಡಿ. ಅಲ್ಲೇ ನಿಂತರೆ ವಾದ್ಯ ಸರಿಯಿದೆ. ವಾಲಿದರೆ, ನೀವು ಹಾಡಿನುದ್ದಕ್ಕೂ ಎಡಗೈಯಿಂದ ಎರಡು ಕೆಲಸ ಮಾಡಿಸುತ್ತಿದ್ದೀರಿ ಎಂದರ್ಥ. ಸ್ಟ್ರ್ಯಾಪ್ ಸಿಕ್ಕಿಸುವ ಮೇಲಿನ ಗುಂಡಿ ಸಾಮಾನ್ಯವಾಗಿ ಹನ್ನೆರಡನೇ ಫ್ರೆಟ್ಟಿನ ನೇರದಲ್ಲಿರಬೇಕು. ಅದಕ್ಕಿಂತ ಬ್ರಿಜ್ (ವಾದ್ಯದ ಒಡಲಿನ ಮೇಲೆ ತಂತಿಗಳು ಕೂರುವ ಜಾಗ) ಕಡೆಗೆ ಸರಿದಿರುವ ಆಕಾರಗಳು, ಗಿಬ್ಸನ್ ಥಂಡರ್‌ಬರ್ಡ್ ಥರದವು, ವಾಲುವುದಕ್ಕೇ ಹೆಸರಾದವು.

ಮೊದಲು ಅಗ್ಗದ ಉಪಾಯ. ನುಣುಪಾದ ನೈಲಾನ್ ಪಟ್ಟಿ ಅಂಗಿಯ ಮೇಲೆ ಜಾರುತ್ತದೆ, ಅದನ್ನು ತೆಗೆದುಹಾಕಿ. ಒಳಬದಿ ಒರಟಾಗಿರುವ ಚರ್ಮದ, 8–9 ಸೆಂಟಿಮೀಟರ್ ಅಗಲದ ಪಟ್ಟಿ ಹಾಕಿ. ಸಾಮಾನ್ಯ ಪಟ್ಟಿಯ ಅಗಲ 5 ಸೆಂಟಿಮೀಟರ್. ಅದೇ ನಾಲ್ಕು ಕಿಲೋ ಭಾರ ಹೆಚ್ಚು ಜಾಗಕ್ಕೆ ಹರಡಿದರೆ ಹೆಗಲ ಉರಿ ಇಳಿಯುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಚರ್ಮದ ಬೆಲ್ಟ್, ಚೀಲ ಹೊಲಿಯುವವರ ಕೈಯಲ್ಲಿ ಮಾಡಿಸಿ: 2.5ರಿಂದ 3 ಮಿ.ಮೀ. ದಪ್ಪ, ಒರಟು ಮುಖ ಒಳಕ್ಕೆ, ಕತ್ತಿನ ಕಡೆಯ ಅಂಚು ಮಡಚಿ ಹೊಲಿದಿರಲಿ. ಇದಕ್ಕಿಂತ ತೆಳು ಚರ್ಮವಾದರೆ ಗುಂಡಿಯ ತೂತು ಬೇಗ ಹರಿಯುತ್ತದೆ. ಪಟ್ಟಿ ಕೂರಬೇಕಾದದ್ದು ಕತ್ತಿನ ಬುಡದಲ್ಲಲ್ಲ, ಕತ್ತಿಗೂ ಹೆಗಲ ತುದಿಗೂ ನಡುವೆ. ರಬ್ಬರಿನಂತೆ ಹಿಗ್ಗುವ ನಿಯೋಪ್ರೀನ್ ಪಟ್ಟಿ ಹೆಗಲಿಗೆ ಮೆತ್ತಗೆನಿಸಿದರೂ ವಾದ್ಯ ಕುಣಿಯುತ್ತದೆ, ಎತ್ತರ ನಿಲ್ಲುವುದಿಲ್ಲ. ನಮಗೆ ಅದು ಒಪ್ಪಿಗೆಯಿಲ್ಲ.

ಆಗಲೂ ವಾಲಿದರೆ ಟ್ಯೂನಿಂಗ್ ಕೀಗಳನ್ನು ಹಗುರವಾದವಕ್ಕೆ ಬದಲಿಸಿ. ಹಿಪ್‌ಶಾಟ್ ಕಂಪನಿಯ ಅಲ್ಟ್ರಾಲೈಟ್ ಇದಕ್ಕೆಂದೇ ಮಾಡಿದ್ದು. ಲೆಕ್ಕ ನೋಡಿ: ಕೀ ಒಂದಕ್ಕೆ 40 ಗ್ರಾಂ ಉಳಿದರೆ ನಾಲ್ಕಕ್ಕೆ 160 ಗ್ರಾಂ. ಅವು ಮೇಲಿನ ಗುಂಡಿಯಿಂದ ಸುಮಾರು 55 ಸೆಂಟಿಮೀಟರ್ ದೂರದಲ್ಲಿವೆ. ಇದೇ ಸಮತೋಲವನ್ನು ಬ್ರಿಜ್ ಬಳಿ ಭಾರ ಸೇರಿಸಿ ತರಲು ಹೋದರೆ ಸುಮಾರು 200 ಗ್ರಾಂ ಅಂಟಿಸಬೇಕು. ವಯಸ್ಸಾದ ಹೆಗಲಿಗೆ ಭಾರ ಸೇರಿಸುವುದು ಪರಿಹಾರವೇ ಅಲ್ಲ. ಕೊಳ್ಳುವ ಮುನ್ನ ನಿಮ್ಮ ಹೆಡ್‌ಸ್ಟಾಕಿನ ತೂತಿನ ವ್ಯಾಸ ಮತ್ತು ಸ್ಕ್ರೂ ಅಂತರ ಅಳೆಯುವುದನ್ನು ಮರೆಯಬೇಡಿ.

ಹೊಟ್ಟೆ ಬಂದಿದೆ. ಬೇಸ್ ಆಕಾಶ ನೋಡುತ್ತದೆ, ಫ್ರೆಟ್ ನೋಡಲು ಬಗ್ಗಬೇಕು. ಮೇಲಾಗಿ ಪ್ರೊಗ್ರೆಸ್ಸಿವ್ ಕನ್ನಡಕ.
— ಓದುಗರು, ಬೆಂಗಳೂರು

ವಾದ್ಯದ ಕೆಳಭಾಗವನ್ನು ಹೊಟ್ಟೆ ಮುಂದಕ್ಕೆ ತಳ್ಳುವುದರಿಂದ ಹಾಗಾಗುತ್ತದೆ. ನಾಲ್ಕೈದು ಸೆಂಟಿಮೀಟರ್ ಏರಿಸಿ, ವಾದ್ಯದ ಮೇಲಂಚು ಎದೆಮೂಳೆಯ ಕೆಳತುದಿಗೆ ಬರಲಿ. ಇಡೀ ವಾದ್ಯವನ್ನು ಬಲಕ್ಕೆ ಸ್ವಲ್ಪ ಸರಿಸಿದರೆ ಉಬ್ಬಿನ ನೆತ್ತಿಯಿಂದ ತಪ್ಪಿಸಿಕೊಳ್ಳುತ್ತದೆ.

ಚಾಳೀಸಿನ ಕನ್ನಡಕದ ವಿಷಯ ಬೇರೆ. ಪ್ರೊಗ್ರೆಸ್ಸಿವ್ ಗಾಜಿನ ಕೆಳಭಾಗ ಓದುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಹೊಂದಿಸಿದ್ದು. ನಿಮ್ಮ ಫ್ರೆಟ್‌ಗಳು ಅದಕ್ಕಿಂತ ದೂರದಲ್ಲಿವೆ. ಹಾಗಾಗಿ ಮಬ್ಬು, ಮಬ್ಬಿಗೆಂದು ಕತ್ತು ಬಗ್ಗಿಸುವುದು, ಕತ್ತು ಬಗ್ಗಿಸಿದ್ದರಿಂದ ಹೆಗಲು ನೋವು. ವಾದ್ಯ ಹಾಕಿಕೊಂಡು ನಿಂತು ಕಣ್ಣಿನಿಂದ ಐದನೇ ಫ್ರೆಟ್ಟಿಗೆ ಟೇಪಿನಲ್ಲಿ ಅಳೆಸಿ, ಆ ಅಂಕಿಯನ್ನು ಕಣ್ಣಿನ ಡಾಕ್ಟರಿಗೆ ಕೊಟ್ಟು ಆ ಒಂದೇ ದೂರಕ್ಕೆ ಬೇರೆ ಕನ್ನಡಕ ಬರೆಸಿಕೊಳ್ಳಿ. ಮಂದಬೆಳಕಿನ ವೇದಿಕೆಗೆ ನೆಕ್ಕಿನ ಪಕ್ಕದ ಚುಕ್ಕೆಗಳ ಮೇಲೆ ಕತ್ತಲಲ್ಲಿ ಹೊಳೆಯುವ ಸ್ಟಿಕ್ಕರ್ ಅಂಟಿಸಬಹುದು.

ಹೆಬ್ಬೆರಳ ಬುಡದಲ್ಲಿ ಸಂಧಿವಾತ ಎಂದಿದ್ದಾರೆ. ಚಿಕ್ಕ ಸ್ಕೇಲಿನ (ತಂತಿಯ ನುಡಿಯುವ ಉದ್ದ ಕಡಿಮೆಯಿರುವ) ಬೇಸ್ ಕೊಂಡರೆ ಅನುಕೂಲವೇ, ಎತ್ತರ ಸರಿಮಾಡಿದರೆ ಸಾಕೇ?
— ಓದುಗರು, ಶಿವಮೊಗ್ಗ

ಎತ್ತರ ಸರಿಮಾಡಿ, ಸೆಟಪ್ ಮಾಡಿಸಿ, ಆಮೇಲೂ ನೋವಿದ್ದರೆ ಕೊಳ್ಳಿ. ಸೆಟಪ್ ಎಂದರೆ ಮುಖ್ಯವಾಗಿ ಎರಡು. ಹದಿನೇಳನೇ ಫ್ರೆಟ್ಟಿನ ಮೇಲೆ ಇ ತಂತಿ 2.4 ಮಿ.ಮೀ., ಜಿ ತಂತಿ 2 ಮಿ.ಮೀ. ಎತ್ತರದಲ್ಲಿರಲಿ. ಎರಡನೆಯದು, ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿದಾಗ ಮೊದಲ ಫ್ರೆಟ್ಟಿನ ಮೇಲೆ ಉಳಿಯುವ ಸಂದು ಕಾಗದದಷ್ಟೇ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ನಟ್ಟಿನ, ಅಂದರೆ ಹೆಡ್‌ಸ್ಟಾಕಿನ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯ, ಗೀರು ಆಳ ಸಾಲದು. ನಿಮ್ಮ ಹೆಬ್ಬೆರಳನ್ನು ಕೊಲ್ಲುತ್ತಿರುವುದು ಬಹುಶಃ ಅದೇ. ಅರ ಹಿಡಿದು ನೀವೇ ಉಜ್ಜಲು ಹೋಗಬೇಡಿ, ಒಂದು ಗೀರು ಹೆಚ್ಚಾದರೆ ಒತ್ತದೆ ಬಿಟ್ಟ ತಂತಿ ಝರ್ರೆನ್ನುತ್ತದೆ, ನಟ್ಟನ್ನೇ ಬದಲಿಸಬೇಕಾಗುತ್ತದೆ. ತಂತಿಗಳ ದಪ್ಪ 45–105 (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ) ಇದ್ದರೆ 40–95ಕ್ಕೆ ಇಳಿಸಿ. ಇನ್ನು ಕೈಯ ಅಭ್ಯಾಸ: ಹೆಬ್ಬೆರಳನ್ನು ನೆಕ್ಕಿನಿಂದ ಪೂರ್ತಿ ಬಿಡಿಸಿ, ಎಡತೋಳಿನ ಭಾರದಿಂದಲೇ ತಂತಿಯನ್ನು ಹಿಂದಕ್ಕೆಳೆದು ಒಂದು ಸ್ವರಶ್ರೇಣಿ ನುಡಿಸಿ ನೋಡಿ. ಬರುತ್ತದೆ. ಹಿಂಡುವ ಅಗತ್ಯ ನೀವಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಮೊದಲ ಐದು ಫ್ರೆಟ್‌ಗಳಲ್ಲಿ ಡಬಲ್ ಬೇಸ್‌ನವರಂತೆ ತೋರು, ನಡು, ಕಿರುಬೆರಳು ಎಂಬ ಕ್ರಮದಲ್ಲಿ, ಉಂಗುರಬೆರಳನ್ನು ಕಿರುಬೆರಳಿಗೆ ಆಸರೆಯಾಗಿಟ್ಟು ನುಡಿಸಿದರೆ ಅಂಗೈ ಹಿಗ್ಗಿಸುವ ಕಷ್ಟವೂ ತಪ್ಪುತ್ತದೆ.

ಚಿಕ್ಕ ಸ್ಕೇಲಿನ ಲಾಭ ನಿಜವಾದದ್ದೇ. ಫೆಂಡರ್ ಪ್ರಿಸಿಷನ್ 1951ರಲ್ಲಿ ಬಂದಾಗಿನಿಂದ 34 ಇಂಚು ರೂಢಿಯ ಅಳತೆ. ಫೆಂಡರ್ ಮಸ್ಟ್ಯಾಂಗ್ ಬೇಸ್ 30 ಇಂಚು. ಮೊದಲ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ 34ರಲ್ಲಿ 130 ಮಿ.ಮೀ., 30ರಲ್ಲಿ 114. ಅದೇ ತಂತಿ, ಅದೇ ಶ್ರುತಿಯಲ್ಲಿ ಬಿಗಿತ ಶೇ. 22ರಷ್ಟು ಕಡಿಮೆ. ಅದೇ ಕಾರಣಕ್ಕೆ ಇ ತಂತಿ ಸಡಿಲವೆನಿಸುತ್ತದೆ, ಜೋರಾಗಿ ಮೀಟಿದರೆ ಶ್ರುತಿ ತುಸು ಏರುತ್ತದೆ; ಹಗುರವಾಗಿ ಮೀಟಿ, ಆಂಪ್ಲಿಫಯರನ್ನು ಹೆಚ್ಚಿಸಿಕೊಳ್ಳಬೇಕು. ತಂತಿಯೂ ಚಿಕ್ಕ ಸ್ಕೇಲಿನದ್ದೇ ಬೇಕು. ಉದ್ದ ತಂತಿಯ ದಪ್ಪ ಭಾಗ ಟ್ಯೂನಿಂಗ್ ಕೀಗೆ ಸುತ್ತಿಕೊಂಡರೆ ಅಲ್ಲೇ ಮುರಿಯುತ್ತದೆ. ತೂಕವನ್ನು ನಂಬಿಕೆಯ ಮೇಲೆ ಬಿಡದೆ, ಮನೆಯ ತೂಕದ ಯಂತ್ರದ ಮೇಲೆ ವಾದ್ಯದೊಡನೆ ಒಮ್ಮೆ, ಇಲ್ಲದೆ ಒಮ್ಮೆ ನಿಂತು ಕಳೆಯಿರಿ. ಮೂರೂವರೆ ಕಿಲೋ ದಾಟಿದ್ದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಕೊಳ್ಳಬೇಡಿ.

ಬೇಸ್ ಮೇಲೆ ಕಟ್ಟಿದರೆ ತಂಡದ ಹುಡುಗರು ನಗುತ್ತಾರೆ. ಕೆಳಗಿದ್ದರೇ ಚೆಂದ ಅಲ್ಲವೇ?
— ಓದುಗರು, ದಾವಣಗೆರೆ

ನ್ಯೂ ಆರ್ಡರ್ ತಂಡದಲ್ಲಿದ್ದ ಪೀಟರ್ ಹುಕ್ ಮೊಣಕಾಲಿನ ಹತ್ತಿರ ಇಳಿಬಿಟ್ಟು ನುಡಿಸುವುದು ಚೆಂದವೇ. ಆದರೆ ಅವರು ಪಿಕ್ (ಮೀಟುವ ಬಿಲ್ಲೆ) ಹಿಡಿದು, ಹೆಚ್ಚಾಗಿ ನೆಕ್ಕಿನ ಮೇಲುಭಾಗದ, ಅಂದರೆ ವಾದ್ಯದ ಒಡಲಿಗೆ ಹತ್ತಿರದ, ಫ್ರೆಟ್‌ಗಳಲ್ಲಿ ನುಡಿಸುವವರು. ಅಲ್ಲಿಗೆ ಕೈ ಸುಲಭವಾಗಿ ಎಟುಕುತ್ತದೆ. ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ ಹಗುರವಾದ ಹಾಫ್ನರ್ ವಯಲಿನ್ ಬೇಸನ್ನು ಅರವತ್ತರ ದಶಕದಿಂದಲೂ ಎತ್ತರದಲ್ಲೇ ಕಟ್ಟಿಕೊಂಡು ಬಂದವರು, 2022ರಲ್ಲಿ, 80 ತುಂಬಿದ ಮರುವಾರ, ಗ್ಲಾಸ್ಟನ್‌ಬರಿ ವೇದಿಕೆಯಲ್ಲಿ ನಿಂತು ನುಡಿಸಿದರು. ಹುಡುಗರಿಗೆ ಆ ವಿಡಿಯೋ ತೋರಿಸಿ.

ಸಕ್ಕರೆ ಕಾಯಿಲೆ ಇದೆ. ಎಡಹೆಗಲು ಬಿಗಿದುಹೋಗಿದೆ, ಫ್ರೋಜನ್ ಶೋಲ್ಡರ್ ಎಂದರು. ನುಡಿಸುವುದು ಬಿಡಬೇಕೇ?
— ಓದುಗರು, ದುಬೈ

ಬಿಡಬೇಕಾಗಿಲ್ಲ, ಚಿಕಿತ್ಸೆಯ ಜೊತೆಗೆ ಭಂಗಿ ಬದಲಿಸಿ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ಗುಣವಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲು ಕಳೆದುಹೋಗುವುದು ತೋಳನ್ನು ಹೊರಕ್ಕೆ ತಿರುಗಿಸುವ ಚಲನೆ, ಮೊದಲ ಫ್ರೆಟ್ಟಿಗೆ ಕೈ ಚಾಚಲು ಬೇಕಾದದ್ದೂ ಅದೇ. ಸದ್ಯಕ್ಕೆ ಕುಳಿತು ನುಡಿಸಿ: ಎಡಪಾದದ ಕೆಳಗೆ 12–15 ಸೆಂಟಿಮೀಟರಿನ ಮಣೆ ಇಟ್ಟು, ವಾದ್ಯವನ್ನು ಕ್ಲಾಸಿಕಲ್ ಗಿಟಾರಿನವರಂತೆ ಎಡತೊಡೆಯ ಮೇಲಿರಿಸಿ ನೆಕ್ಕನ್ನು 45 ಡಿಗ್ರಿಗೆ ಏರಿಸಿ. ಹೆಡ್‌ಸ್ಟಾಕ್ ಮೈಗೆ ಹತ್ತಿರ ಬರುತ್ತದೆ, ಮೊಣಕೈ ಪಕ್ಕೆಲುಬಿನ ಬಳಿಯೇ ಇರುತ್ತದೆ. ಸ್ಟ್ರ್ಯಾಪನ್ನು ಎಡಹೆಗಲಿನಿಂದ ತೆಗೆದುಬಿಡಿ. ಕೆಳಫ್ರೆಟ್ಟಿನ ಸ್ವರಗಳನ್ನು ಸಾಧ್ಯವಾದಷ್ಟೂ ಐದನೇ ಫ್ರೆಟ್ಟಿನ ಆಚೆ ನುಡಿಸಿ. ಎ ತಂತಿಯ ಮೂರನೇ ಫ್ರೆಟ್ಟಿನ ಸಿ ಸ್ವರ ಇ ತಂತಿಯ ಎಂಟರಲ್ಲೂ ಸಿಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ವಾದ್ಯ ಕೆಳಗಿಟ್ಟು ಎದ್ದು ಓಡಾಡಿ. ಮೊಣಕೈ ಬಹಳ ಹೊತ್ತು ಮಡಚಿದ್ದರಿಂದ ಉಂಗುರಬೆರಳು, ಕಿರುಬೆರಳು ಜೋಮು ಹಿಡಿದರೆ ಮಣೆಯ ಎತ್ತರ ಮೂರು ಸೆಂಟಿಮೀಟರ್ ಇಳಿಸಿ.