ಅಮ್ಮ ನೆಟ್ಟಗೆ ಕೂತರೆ ಕೂರಲಿ ಬಿಡಿ

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಬಗ್ಗೆ ಒಂದು ಫೋಟೊ ಸರಣಿ ಮಾಡುತ್ತಿದ್ದೇನೆ. ಕ್ಯಾಮೆರಾ ಕಂಡರೆ ಸಾಕು, ಅಮ್ಮ ತಲೆ ಬಾಚಿಕೊಂಡು ನೆಟ್ಟಗೆ ಕೂತುಬಿಡುತ್ತಾರೆ. ಅವರಿಗೆ ಗೊತ್ತಾಗದ ಹಾಗೆ ತೆಗೆದದ್ದನ್ನು ತೋರಿಸಿದರೆ ‘ಇದು ನಾನಲ್ಲ, ಅಳಿಸು’ ಅನ್ನುತ್ತಾರೆ. ಸಹಜವಾಗಿ ತೆಗೆಯುವುದು ಹೇಗೆ?

ಉತ್ತರ: ನೆಟ್ಟಗೆ ಕೂರಲಿ ಬಿಡಿ. ತನ್ನನ್ನು ಹೀಗೆ ನೆನಪಿಟ್ಟುಕೋ ಅಂತ ಅವರು ನಿಮಗೆ ಹೇಳುತ್ತಿದ್ದಾರೆ. ಅದೂ ನಿಮ್ಮ ಸರಣಿಯ ಭಾಗವೇ ಅಲ್ವಾ? ಕದ್ದು ತೆಗೆದರೆ ಮಾತ್ರ ನಿಜ ಸಿಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅಮೆರಿಕದ ಫೋಟೊಗ್ರಾಫರ್ ಲ್ಯಾರಿ ಸುಲ್ತಾನ್ ಸುಮಾರು ಹತ್ತು ವರ್ಷ ತನ್ನ ಅಪ್ಪ-ಅಮ್ಮನ ಫೋಟೊ ತೆಗೆದರು. ಅದು 1992ರಲ್ಲಿ ‘ಪಿಕ್ಚರ್ಸ್ ಫ್ರಮ್ ಹೋಮ್’ ಪುಸ್ತಕವಾಗಿ ಬಂತು. ಒಂದು ಫೋಟೊದಲ್ಲಿ ಅಪ್ಪ ಸೂಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದಾರೆ. ಮುಖದಲ್ಲಿ ಕಳೆಯೇ ಇಲ್ಲ. ಅಲ್ಲಿ ಕೂತಿರುವುದು ನಾನಲ್ಲ, ನೀನು ಅಂತ ಅಪ್ಪ ಮಗನಿಗೇ ಹೇಳಿದರು. ಹಾಗಂತ ಕೆಲಸಕ್ಕೆ ಅಡ್ಡ ಬರಲಿಲ್ಲ. ಪುಸ್ತಕದಲ್ಲಿ ಫೋಟೊಗಳ ಜೊತೆಗೇ ಅಪ್ಪ-ಅಮ್ಮನ ಮಾತುಗಳೂ ಇವೆ, ಮನೆಯ ಹಳೇ ಸಿನಿಮಾ ರೀಲಿನಿಂದ ತೆಗೆದ ಚಿತ್ರಗಳೂ ಇವೆ. ಅಪ್ಪ ತನ್ನನ್ನು ಕಂಡುಕೊಂಡದ್ದು ಒಂದು ಥರ, ಮಗ ಕಂಡದ್ದು ಇನ್ನೊಂದು ಥರ. ಎರಡೂ ಒಟ್ಟಿಗೆ ಇರುವುದಕ್ಕೇ ಆ ಪುಸ್ತಕ ನನಗೆ ಇಷ್ಟ.

ಪೋಸು ಕೊಟ್ಟರೆ ಸಂಬಂಧ ಕಾಣುವುದಿಲ್ಲ ಅನ್ನುವ ಭಯವೂ ಬೇಡ. ಅಮೆರಿಕದ ಇನ್ನೊಬ್ಬ ಫೋಟೊಗ್ರಾಫರ್ ನಿಕೋಲಸ್ ನಿಕ್ಸನ್ 1975ರಿಂದ ವರ್ಷಕ್ಕೊಂದರಂತೆ ತನ್ನ ಹೆಂಡತಿ ಮತ್ತು ಅವರ ಮೂವರು ಸಹೋದರಿಯರ ಫೋಟೊ ತೆಗೆಯುತ್ತ ಹೋದರು. ಯಾವಾಗಲೂ ಅದೇ ನಾಲ್ವರು, ಅದೇ ಸಾಲು. ಯಾರ ಕೈ ಯಾರ ಹೆಗಲ ಮೇಲಿದೆ, ಯಾರು ಕೊಂಚ ದೂರ ನಿಂತಿದ್ದಾರೆ ಅನ್ನುವುದು ಮಾತ್ರ ವರ್ಷ ವರ್ಷಕ್ಕೂ ಬದಲಾಗುತ್ತದೆ.

ಅಮ್ಮ ‘ಇದು ನಾನಲ್ಲ’ ಅಂದಾಗ, ಹಾಗಾದರೆ ನೀವು ಯಾವುದರಲ್ಲಿದ್ದೀರಿ ಅಂತ ಕೇಳಿ. ಹಳೇ ಆಲ್ಬಮ್ ತೊಡೆಯ ಮೇಲಿಡಿ. ದೀಪ ಆರಿಸಿ, ಕಿಟಕಿ ಪಕ್ಕ ಕೂರಿಸಿ, ಇಲ್ಲದಿದ್ದರೆ ಹೊಳಪಿನ ಕಾಗದದ ಮೇಲೆ ಬೆಳಕು ಬಡಿಯುತ್ತದೆ. ಒಪ್ಪಿದರೆ ಮೊಬೈಲಿನಲ್ಲಿ ದನಿ ರೆಕಾರ್ಡ್ ಆಗುತ್ತಿರಲಿ. ಆಮೇಲೆ ಸುಮ್ನೆ ಅಮ್ಮನ ಕೈ ನೋಡುತ್ತಿರಿ. ನಮ್ಮ ದೊಡ್ಡಮ್ಮ ಗ್ರೂಪ್ ಫೋಟೊ ನೋಡುವಾಗ ಹೆಬ್ಬೆರಳು ತೀರಿಹೋದ ತಂಗಿಯ ಮುಖಕ್ಕೇ ಮೊದಲು ಹೋಗುತ್ತಿತ್ತು. ಸವರಿ ಸವರಿ ಆ ಜಾಗ ಮಾತ್ರ ಮಾಸಿತ್ತು. ಆ ಬೆರಳು, ಆ ಮಾಸಿದ ಗುರುತು ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತೆಗೆದಿದ್ದೇನೆ. ಅವರ ಮುಖದ ಯಾವ ಫೋಟೊಕ್ಕಿಂತಲೂ ಅದೇ ನನಗೆ ಜಾಸ್ತಿ.

ಆಲ್ಬಮ್‌ಗೆ ಅಂಟಿಕೊಂಡ ಫೋಟೊ ಕೀಳಬೇಡಿ, ಇಡೀ ಪುಟದ್ದೇ ಫೋಟೊ ತೆಗೆಯಿರಿ. ಬಿಡಿ ಫೋಟೊಗಳ ಹಿಂದೆ ಹೆಸರು ಬರೆಯುವುದಾದರೆ ಮೆತ್ತಗಿನ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ.

ಇನ್ನು ‘ಅಳಿಸು’ ಅಂದದ್ದು. ಯಾಕೆ ಅಂತ ಕೇಳಿ, ಕಾರಣ ಬರೆದಿಟ್ಟುಕೊಳ್ಳಿ. ಕೆಲವು ದಿನ ಬಿಟ್ಟು ಇನ್ನೊಮ್ಮೆ ತೋರಿಸಿ. ಆಗಲೂ ಬೇಡ ಅಂದರೆ ಅಳಿಸಿಬಿಡಿ.