ಸೀಟು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕಿನ ಮೀನುಗಾರ ಕುಟುಂಬ, ಹಿಂದುಳಿದ ವರ್ಗದವರು. ಘಟ್ಟದ ಮೇಲಿನ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಮಗಳಿಗೆ ಎಂ.ಎಸ್ಸಿ. ಸೀಟು ಸಿಕ್ಕಿದೆ. ಆದರೆ ಹಾಸ್ಟೆಲ್ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಖಾಸಗಿ ಪಿ.ಜಿ. (ಪೇಯಿಂಗ್ ಗೆಸ್ಟ್) ವಸತಿಯವರು ಬಾಡಿಗೆಯ ಮೇಲೆ ಜಿಎಸ್‌ಟಿಯನ್ನೂ ಕೇಳುತ್ತಿದ್ದಾರೆ. ಸೀಟು ಕೊಟ್ಟ ಸರ್ಕಾರ ವಸತಿಯನ್ನೂ ಕೊಡಬೇಕಲ್ಲವೇ?

ಉತ್ತರ: ಕೊಡುವುದೇ ನ್ಯಾಯ. ಆದರೆ ಪ್ರವೇಶ ಪಡೆದ ಎಲ್ಲರಿಗೂ ವಸತಿ ಕೊಡಲೇಬೇಕೆಂಬ ನಿಯಮವಿಲ್ಲ; ಇರುವ ಕೊಠಡಿಗಳನ್ನು ಅಂಕ ಮತ್ತು ಮೀಸಲಾತಿ ನೋಡಿ ಹಂಚುತ್ತಾರೆ. ಹಾಗೆಂದು ದಯವಿಟ್ಟು ಸೀಟು ಬಿಡಿಸಬೇಡಿ.

ವಿಶ್ವವಿದ್ಯಾಲಯದ ಹಾಸ್ಟೆಲ್ ಬೇರೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಬೇರೆ. ಇಲಾಖೆಯ ಹಾಸ್ಟೆಲ್‌ನಲ್ಲಿ ಊಟ, ವಸತಿ ಎರಡೂ ಉಚಿತ. ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರತ್ಯೇಕ ಹಾಸ್ಟೆಲ್‌ಗಳಿವೆ; ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಮಕ್ಕಳೂ ಅಲ್ಲಿ ಕೇಳಬಹುದು.

ಅದೂ ಸಿಗದಿದ್ದರೆ ವಿದ್ಯಾಸಿರಿ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದೇ 2013–14ರಲ್ಲಿ ಆರಂಭವಾದ ಯೋಜನೆ ಇದು. ಆಗ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳ ನೆರವು. ಆ ಹಣದಲ್ಲಿ ನಗರದಲ್ಲಿ ಊಟ, ಬಾಡಿಗೆ ಎರಡೂ ನಡೆಯುವುದಿಲ್ಲ. ಆದರೂ ಬಿಟ್ಟುಕೊಡುವ ಮೊತ್ತವಲ್ಲ. ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಸಲ್ಲಿಸಿ. ಅದಕ್ಕೂ ಮೊದಲು ದಾಖಲೆಗಳನ್ನು ಒಂದೆಡೆ ಹರಡಿಕೊಂಡು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಜಿಲ್ಲೆಯಲ್ಲಿ ಆಧಾರ್‌ನಲ್ಲಿ ‘ನಾಯ್ಕ’, ಅಂಕಪಟ್ಟಿಯಲ್ಲಿ ‘ನಾಯಕ’ ಎಂದಿರುವುದು ಹೊಸತಲ್ಲ, ಅಷ್ಟಕ್ಕೇ ಅರ್ಜಿ ಸಿಕ್ಕಿಹಾಕಿಕೊಳ್ಳಬಹುದು. ನಾಡಕಚೇರಿ ಕೊಟ್ಟ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಮುದ್ರಿಸಿರುವ ಆರ್‌ಡಿ ಸಂಖ್ಯೆ ಕೈಯಲ್ಲಿರಲಿ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ.

ಇನ್ನು ಜಿಎಸ್‌ಟಿ. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ತೀರ್ಮಾನಿಸಿದಂತೆ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಗಳಿಗೆ ಕಡಿಮೆಯಿಲ್ಲದ ವಸತಿಗೆ ತೆರಿಗೆ ವಿನಾಯಿತಿ ಇದೆ. ಇದನ್ನು ಹೇಳಿ, ರಸೀದಿ ಕೇಳಿ.

ನೀತಿಯ ದೋಷ ಇರುವುದು ಬೇರೆಡೆ. ಕೋರ್ಸಿಗೆ ಮಂಜೂರಾತಿ ಕೊಡುವಾಗ ಎಷ್ಟು ವಿದ್ಯಾರ್ಥಿಗಳು ಬರುತ್ತಾರೆಂದು ಲೆಕ್ಕ ಹಾಕುತ್ತಾರೆ, ಅವರಲ್ಲಿ ಎಷ್ಟು ಮಂದಿ ದೂರದೂರಿನವರು ಎಂದು ನೋಡುವುದಿಲ್ಲ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಪ್ರಯಾಣ ಉಚಿತವಾಗಿದೆ, ನಿಜ. ಆದರೆ ಕುಮಟಾದಿಂದ ದಿನಾ ಘಟ್ಟ ಹತ್ತಿ ಇಳಿದು ಎಂ.ಎಸ್ಸಿ. ಓದಲಾಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ರಸ್ತೆಗಳು ಏನಾಗುತ್ತವೆ ಎಂಬುದನ್ನು 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಎಲ್ಲರೂ ಕಂಡಿದ್ದೇವೆ. ಹಾಸ್ಟೆಲ್ ಇಲ್ಲವೆಂದರೆ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಓದೇ. ಆದ್ದರಿಂದ ಹೊಸ ಕೋರ್ಸಿನ ಆದೇಶದಲ್ಲೇ ಹಾಸ್ಟೆಲ್ ಸ್ಥಾನಗಳ ಸಂಖ್ಯೆಯೂ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸದ್ಯಕ್ಕೆ ಮಗಳಿಂದ ಹಾಸ್ಟೆಲ್ ವಾರ್ಡನ್‌ಗೆ ಒಂದು ಲಿಖಿತ ಮನವಿ ಕೊಡಿಸಿ, ಕಾಯುವ ಪಟ್ಟಿಯಲ್ಲಿ ಅವಳ ಕ್ರಮಸಂಖ್ಯೆ ಎಷ್ಟೆಂದು ಕೇಳಿ. ಬೇರೆಡೆ ಸೀಟು ಸಿಕ್ಕವರು ಬಿಟ್ಟುಹೋದಾಗ ಕೊಠಡಿಗಳು ತೆರವಾಗುತ್ತವೆ.